ಮುಳ್ಳಿಗೆ ರಸ್ತೆ ಕಾಣುವುದಿಲ್ಲ

ಗಾಡಿ ಓಡಿಸುವಾಗ ರಸ್ತೆ ಬಿಟ್ಟರೆ ನಮ್ಮ ಕಣ್ಣು ಹೆಚ್ಚು ಸಲ ಹೋಗುವುದು ಸ್ಪೀಡೋಮೀಟರಿನ ಮುಳ್ಳಿನ ಕಡೆಗೆ. ಮುಳ್ಳು ಅರವತ್ತರಲ್ಲಿ ನಿಂತಿದ್ದರೆ ನಾವು ಅರವತ್ತರಲ್ಲೇ ಹೋಗುತ್ತಿದ್ದೇವೆ ಎಂದು ನಂಬುತ್ತೇವೆ. ಆದರೆ ಆ ಮುಳ್ಳಿಗೆ ರಸ್ತೆ ಕಾಣುವುದಿಲ್ಲ, ಟೈರೂ ಕಾಣುವುದಿಲ್ಲ. ಗಾಡಿಯ ಅಡಿಯಲ್ಲಿ ಒಂದು ಶಾಫ್ಟೋ ಒಂದು ಗಾಲಿಯೋ ಎಷ್ಟು ಬೇಗ ತಿರುಗುತ್ತಿದೆ ಎಂಬುದಷ್ಟೇ ಅದಕ್ಕೆ ಮುಟ್ಟುವ ಸುದ್ದಿ. ಇಷ್ಟು ಸುತ್ತಿಗೆ ಒಂದು ಕಿಲೋಮೀಟರು ಎಂಬ ಲೆಕ್ಕವನ್ನು ಕಾರ್ಖಾನೆಯವರು ಒಂದು ಅಳತೆಯ ಟೈರು, ಒಂದು ಜೋಡಿ ಗೇರು ಇಟ್ಟುಕೊಂಡು ಒಮ್ಮೆ ಮಾಡಿ ಮುಗಿಸಿರುತ್ತಾರೆ. ಆಮೇಲೆ ನಾವು ಟೈರು ಬದಲಾಯಿಸುತ್ತೇವೆ, ಕೆಲವರು ಆಕ್ಸಲನ್ನೂ ಬದಲಾಯಿಸುತ್ತಾರೆ. ಮೀಟರು ಮಾತ್ರ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ. ಹೆಜ್ಜೆ ಎಣಿಸಿ ಹೊಲ ಅಳೆಯುವವನ ಕಾಲು ಒಂದು ಗೇಣು ಉದ್ದವಾದರೂ ಅವನು ಹಳೆಯ ಹೆಜ್ಜೆಯ ಲೆಕ್ಕವನ್ನೇ ಹೇಳುತ್ತಿದ್ದ ಹಾಗೆ.

ಇವತ್ತಿನ ಮಾತಿನಲ್ಲಿ ಸ್ವಲ್ಪ ಅಂಕಿ ಬರುತ್ತದೆ. ಹತ್ತಿರ ಒಂದು ಪೆನ್ಸಿಲ್ಲು, ಒಂದು ತುಂಡು ಕಾಗದ ಇದ್ದರೆ ಒಳ್ಳೆಯದು.

ಮೊದಲು ಮೀಟರಿನ ಒಳಗೆ ಒಮ್ಮೆ ನೋಡೋಣ. ಜರ್ಮನಿಯ ಒಟ್ಟೊ ಶುಲ್ಟ್ಸೆ ಎಂಬುವರು 1902ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಮುಂದೆ ಸುಮಾರು ಎಂಬತ್ತು ವರ್ಷ ಪ್ರಪಂಚದ ಬಹುಪಾಲು ಗಾಡಿಗಳಲ್ಲಿ ಉಳಿಯಿತು. ಗೇರ್ ಬಾಕ್ಸಿನಿಂದಲೋ ಗಾಲಿಯಿಂದಲೋ ಬರುವ ಮೀಟರ್ ಕೇಬಲ್ಲು ಒಂದು ಸಣ್ಣ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಮಿನ ಒಂದು ಬಟ್ಟಲು. ಬಟ್ಟಲಿಗೆ ಅಯಸ್ಕಾಂತ ತಾಗುವುದಿಲ್ಲ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೆ ಅಯಸ್ಕಾಂತ ತಿರುಗುವಾಗ ಬಟ್ಟಲಿನ ಲೋಹದಲ್ಲಿ ಸುಳಿಯಾಗಿ ವಿದ್ಯುತ್ತು ಹುಟ್ಟಿ, ಬಟ್ಟಲನ್ನು ಅಯಸ್ಕಾಂತದ ಜೊತೆಗೆ ಎಳೆಯುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಎಳೆತವೂ ಹಿಡಿತವೂ ಸಮವಾದ ಜಾಗದಲ್ಲಿ ಬಟ್ಟಲೂ ಅದಕ್ಕೆ ಕೂಡಿಸಿದ ಮುಳ್ಳೂ ನಿಲ್ಲುತ್ತವೆ. ಇಷ್ಟು ಸರಳ, ಇಷ್ಟು ಜಾಣ ಯಂತ್ರ ಕಡಿಮೆ. ಅದೇ ಕೇಬಲ್ಲಿನಿಂದ ಇನ್ನೊಂದು ಕೆಲಸವೂ ನಡೆಯುತ್ತದೆ: ಹಲ್ಲಿನ ಗಾಲಿಗಳ ಮೂಲಕ ಓಡೋಮೀಟರಿನ ಅಂಕಿಗಳು ಉರುಳುತ್ತವೆ. ಅದರಲ್ಲಿ ಅಯಸ್ಕಾಂತವೂ ಇಲ್ಲ, ಸ್ಪ್ರಿಂಗೂ ಇಲ್ಲ, ಬರೀ ಎಣಿಕೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಟೈರಿಗೆ ಬರೋಣ. ಬೊಲೆರೊ ಗಾಡಿಯ ಟೈರಿನ ಪಕ್ಕೆಯ ಮೇಲೆ 215/75 ಆರ್ 15 ಎಂದು ಬರೆದಿರುತ್ತದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. 15 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು ಮೂರನ್ನೂ ಸೇರಿಸಿ ಬರೆಯುವ ಪದ್ಧತಿ ಇದು. ಅದಕ್ಕೇ ಎಷ್ಟೋ ಜನ ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ. 215ರ ಮುಕ್ಕಾಲು ಪಾಲು 161 ಮಿ.ಮೀ. ಪಕ್ಕೆ ಮೇಲೂ ಇದೆ ಕೆಳಗೂ ಇದೆ, ಹಾಗಾಗಿ ಎರಡರಷ್ಟು. 15 ಇಂಚು ಎಂದರೆ 381 ಮಿ.ಮೀ. ಎಲ್ಲ ಕೂಡಿದರೆ ವ್ಯಾಸ ಸುಮಾರು 703 ಮಿ.ಮೀ.

ಮಣ್ಣು ದಾರಿಗೆ ದಪ್ಪ ಟೈರು ಬೇಕು ಎಂದು ಕೆಲವರು ಅದೇ ರಿಮ್ಮಿಗೆ 235/75 ಆರ್ 15 ಹಾಕಿಸುತ್ತಾರೆ. ಲೆಕ್ಕ ಮಾಡಿ: ವ್ಯಾಸ 733 ಮಿ.ಮೀ. ಆಗುತ್ತದೆ. ಮೂರು ಸೆಂಟಿಮೀಟರು ಹೆಚ್ಚು, ಅಂದರೆ ನೂರಕ್ಕೆ ನಾಲ್ಕೂಕಾಲು. ಟೈರು ಒಂದು ಸುತ್ತು ಉರುಳಿದಾಗ ಗಾಡಿ ಮೊದಲಿಗಿಂತ ಅಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ. ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರು ಈಗ 60 ಎಂದರೆ ಗಾಡಿ 62.5ರಲ್ಲಿ ಇರುತ್ತದೆ, 100 ಎಂದರೆ 104ರಲ್ಲಿ. ಅದೇ ಗಾಡಿಗೆ 31 ಇಂಚಿನ ಟೈರು ಹಾಕಿದರೆ ವ್ಯತ್ಯಾಸ ನೂರಕ್ಕೆ ಹನ್ನೆರಡರ ಹತ್ತಿರ. ಮುಳ್ಳು 80ರಲ್ಲಿ ನಿಂತಾಗ ಗಾಡಿ ತೊಂಬತ್ತರ ಹತ್ತಿರ ಓಡುತ್ತಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ರಿಮ್ಮು ದೊಡ್ಡದಾದರೆ ಮೀಟರು ತಪ್ಪುತ್ತದೆ ಎನ್ನುತ್ತಾರೆ. ಹಾಗೇನಿಲ್ಲ. ಮಾರುತಿ ಸ್ವಿಫ್ಟಿನಲ್ಲಿ ಕೆಳಗಿನ ಮಾದರಿಗೆ 165/80 ಆರ್ 14, ಮೇಲಿನ ಮಾದರಿಗೆ 185/65 ಆರ್ 15 ಟೈರು ಬರುತ್ತಿತ್ತು. ಮೊದಲನೆಯದರ ವ್ಯಾಸ 620 ಮಿ.ಮೀ., ಎರಡನೆಯದರದು 621ಕ್ಕೆ ಸ್ವಲ್ಪ ಮೇಲೆ. ರಿಮ್ಮು ಒಂದಿಂಚು ಬೆಳೆದಷ್ಟೇ ಪಕ್ಕೆ ತೆಳ್ಳಗಾಗಿದೆ, ಹೊರಗಿನ ಸುತ್ತಳತೆ ಅಲುಗಿಲ್ಲ. ಅಲಾಯ್ ಗಾಲಿ ಹಾಕಿಸುವವರು ನೋಡಬೇಕಾದ್ದು ಇದನ್ನು. ಮೀಟರಿಗೆ ಸಂಬಂಧ ಇರುವುದು ರಸ್ತೆಗೆ ತಾಗುವ ಹೊರ ಅಂಚಿನ ಜೊತೆಗೆ ಮಾತ್ರ.

ಕಾಗದದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಸ್ವಲ್ಪ ಅಂತರ ಇದೆ. ವ್ಯಾಸವನ್ನು 3.14ರಿಂದ ಗುಣಿಸಿದರೆ ಸುತ್ತಳತೆ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಭಾರ ಹೊತ್ತ ಟೈರು ತಳದಲ್ಲಿ ಚಪ್ಪಟೆಯಾಗುವುದರಿಂದ ಒಂದು ಸುತ್ತಿಗೆ ಅಷ್ಟು ದೂರ ಸಾಗುವುದಿಲ್ಲ. ರೇಡಿಯಲ್ ಟೈರಿಗೆ 3.05ರಿಂದ ಗುಣಿಸುವುದು ರೂಢಿ. ಬೊಲೆರೊದ ಮೂಲ ಟೈರು ಹೀಗೆ ಒಂದು ಕಿಲೋಮೀಟರಿಗೆ ಸುಮಾರು 466 ಸುತ್ತು ಉರುಳಿದರೆ, ದಪ್ಪ ಟೈರು 447 ಸುತ್ತು. ಇನ್ನೂ ನಿಖರವಾಗಿ ಬೇಕೆಂದರೆ ಸೀಮೆಸುಣ್ಣ ತೆಗೆದುಕೊಳ್ಳಿ. ಗಾಳಿ ಸರಿಯಾಗಿ ಹಿಡಿಸಿ, ಡ್ರೈವರನ್ನು ಕೂರಿಸಿ, ಸಮತಟ್ಟು ಸಿಮೆಂಟು ನೆಲದಲ್ಲಿ ಟೈರು ನೆಲಕ್ಕೆ ತಾಗುವ ಕಡೆ ಒಂದು ಗೀರು, ನೆಲದ ಮೇಲೆ ಒಂದು ಗೀರು ಎಳೆಯಿರಿ. ಗಾಡಿಯನ್ನು ಮೆಲ್ಲಗೆ ತಳ್ಳಿ, ಗೀರು ಐದು ಸಲ ಕೆಳಗೆ ಬಂದ ಮೇಲೆ ನಿಲ್ಲಿಸಿ ಟೇಪು ಹಿಡಿಯಿರಿ. ಐದರಿಂದ ಭಾಗಿಸಿದರೆ ನಿಮ್ಮ ಗಾಡಿಯ ನಿಜವಾದ ಹೆಜ್ಜೆ ಸಿಕ್ಕಿತು. ಸೈಕಲ್ಲಿಗೆ ಹಾಕುವ ಡಿಜಿಟಲ್ ಮೀಟರು ಈ ಅಂಕಿಯನ್ನು ಸವಾರನಿಂದ ನೇರವಾಗಿ ಕೇಳಿ ಪಡೆಯುತ್ತದೆ. ರೇಸಿಂಗ್ ಸೈಕಲ್ಲಿನ 700 ಬೈ 23 ಟೈರಿಗೆ 2096 ಮಿ.ಮೀ. ಎಂದು ಒತ್ತಿ ಕೊಡಬೇಕು. ಕಾರಿನಲ್ಲೂ ಈ ಅಂಕಿ ಇದ್ದೇ ಇದೆ, ಆದರೆ ನಮ್ಮ ಕೈಗೆ ಎಟುಕದ ಕಡೆ.

ಸವೆದ ಟೈರಿನಿಂದ ಉಲ್ಟಾ ತಪ್ಪು ಬರುತ್ತದೆ. ಹೊಸ ಟೈರಿನ ಮೈಮೇಲಿನ ಗೀರುಗಳ ಆಳ ಎಂಟು ಮಿ.ಮೀ. ಇದ್ದು, ಪೂರ್ತಿ ಸವೆಯುವಾಗ 1.6ಕ್ಕೆ ಬಂದರೂ ವ್ಯತ್ಯಾಸ ನೂರಕ್ಕೆ ಎರಡರ ಆಸುಪಾಸು ಅಷ್ಟೆ. ಆಗ ಮೀಟರು ಸ್ವಲ್ಪ ಹೆಚ್ಚು ತೋರಿಸುತ್ತದೆ. ಮೀಟರಿನ ಈ ತಪ್ಪಿನಿಂದ ಅಪಾಯವಿಲ್ಲ, ಬಿಡಿ.

ಆಕ್ಸಲಿನ ಕತೆ ಹೆಚ್ಚು ಗಂಭೀರ. ನಮ್ಮ ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ, ಮಾಂದಲಪಟ್ಟಿಯಂಥ ಗುಡ್ಡದ ದಾರಿಗಳಲ್ಲಿ ಜೀಪು ಇಂದಿಗೂ ದುಡಿಯುತ್ತಿದೆ. ಹಳೆಯ ಜೀಪಿನಷ್ಟು ಬಗೆಬಗೆಯಾಗಿ ಬದಲಾದ ಗಾಡಿ ಇನ್ನೊಂದಿಲ್ಲ. ಇಂಜಿನ್ನು ಒಂದರದು, ಗೇರ್ ಬಾಕ್ಸು ಇನ್ನೊಂದರದು, ಹೌಸಿಂಗು, ಅಂದರೆ ಆಕ್ಸಲಿನ ಗೇರು ಕೂತಿರುವ ಪೆಟ್ಟಿಗೆ, ಮತ್ತೊಂದರದು. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಹೌಸಿಂಗಿನಲ್ಲಿ ಕ್ರೌನು ಎಂಬ ದೊಡ್ಡ ಗೇರಿಗೆ 39 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನು ಎಂಬ ಸಣ್ಣ ಗೇರಿಗೆ 8. ಭಾಗಿಸಿದರೆ 4.88. ಯುದ್ಧ ಮುಗಿದ ಮೇಲೆ ಹೊಲ ತೋಟದ ಕೆಲಸಕ್ಕೆಂದು ಬಂದ ಸಿಜೆ ಜೀಪುಗಳಲ್ಲಿ, ಮಹೀಂದ್ರದವರು ನಮ್ಮಲ್ಲಿ ತಯಾರಿಸಿದ ಸಿಜೆ-3ಬಿ ಮಾದರಿಯಲ್ಲೂ, ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅಂದರೆ 5.38. ಗಾಲಿ ಒಂದು ಸುತ್ತು ತಿರುಗಬೇಕಾದರೆ ಶಾಫ್ಟು ಐದೂಕಾಲಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ಎಳೆಯುವ ಬಲ ಜಾಸ್ತಿ, ಓಟ ಕಡಿಮೆ.

ಜೀಪಿನ ಅಡಿಗೆ ಮಲಗಿ ನೋಡಿ. ಗೇರ್ ಬಾಕ್ಸಿನ ಹಿಂದೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ. ಅದರ ಹಿಂಬಾಯಿಯಲ್ಲಿ, ಹಳೆಯ ಜೀಪಿನ ಹ್ಯಾಂಡ್ ಬ್ರೇಕಿನ ಡ್ರಮ್ಮು ಕೂತಿರುವಲ್ಲೇ, ಮೀಟರ್ ಕೇಬಲ್ಲಿನ ಬುಡ ಒಂದು ನಟ್ಟಿನಿಂದ ಸೇರಿಕೊಂಡಿರುತ್ತದೆ. ಒಳಗೆ ಶಾಫ್ಟಿನ ಮೇಲೆ ಒಂದು ಸುರುಳಿ ಗೇರು, ಅದಕ್ಕೆ ಅಡ್ಡವಾಗಿ ಕಿರುಬೆರಳಿನಷ್ಟು ಸಣ್ಣ ಮೀಟರ್ ಪಿನಿಯನ್. ಎಣಿಕೆ ನಡೆಯುವ ಜಾಗ ಇದು. ಲೋ ಗೇರು ಹಾಕಿದರೆ ಮೀಟರು ತಪ್ಪುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಏಕೆಂದರೆ ಲೋ ಗೇರಿನ ಹಲ್ಲುಗಳನ್ನು ದಾಟಿ ಬಂದ ಮೇಲೆ ಎಣಿಕೆ ಆಗುತ್ತದೆ. ಆದರೆ ಕ್ರೌನು ಪಿನಿಯನ್ನು ಇರುವುದು ಅದಕ್ಕೂ ಮುಂದೆ, ಹಿಂದಿನ ಆಕ್ಸಲಿನಲ್ಲಿ. ಅಲ್ಲಿ ಹಲ್ಲು ಬದಲಾದ ಸುದ್ದಿ ಮೀಟರಿಗೆ ಮುಟ್ಟುವುದೇ ಇಲ್ಲ.

ಲೆಕ್ಕ ಹಾಕಿ. ಹಳೆಯ 6.00-16 ಟೈರು ಕಿಲೋಮೀಟರಿಗೆ 450 ಸುತ್ತು ಉರುಳುತ್ತದೆ ಎಂದಿಟ್ಟುಕೊಳ್ಳೋಣ. 5.38ರ ಹೌಸಿಂಗಿದ್ದರೆ ಶಾಫ್ಟು ಕಿಲೋಮೀಟರಿಗೆ ಸುಮಾರು 2420 ಸುತ್ತು. 60ರ ವೇಗ ಎಂದರೆ ನಿಮಿಷಕ್ಕೊಂದು ಕಿಲೋಮೀಟರು, ಟಾಪ್ ಗೇರಿನಲ್ಲಿ ಶಾಫ್ಟೂ ಇಂಜಿನ್ನೂ ಒಂದೇ ಸಮ, ಹಾಗಾಗಿ ಇಂಜಿನ್ನೂ ನಿಮಿಷಕ್ಕೆ 2420 ಸುತ್ತು. ಹೆದ್ದಾರಿಯಲ್ಲಿ ಹಳೆಯ ಜೀಪು ಅರಚಿಕೊಳ್ಳುವುದು ಇದಕ್ಕೇ. ಈ ಅರಚಾಟ ತಪ್ಪಿಸಲು 47 ಹಲ್ಲಿನ ಕ್ರೌನು, 11 ಹಲ್ಲಿನ ಪಿನಿಯನ್ನು ಇರುವ 4.27ರ ಜೋಡಿ ಹಾಕಿಸುತ್ತಾರೆ. ಈಗ ಕಿಲೋಮೀಟರಿಗೆ ಶಾಫ್ಟು 1920 ಸುತ್ತು ತಿರುಗಿದರೆ ಸಾಕು. ಇಂಜಿನ್ನಿಗೆ ಹಾಯೆನಿಸುತ್ತದೆ. ಮೀಟರು ಮಾತ್ರ 2420 ಸುತ್ತಿಗೆ ಒಂದು ಕಿಲೋಮೀಟರು ಎಂದೇ ಎಣಿಸುತ್ತಿರುತ್ತದೆ. ಮುಳ್ಳು 60 ತೋರಿಸುವಾಗ ಜೀಪು ಎಪ್ಪತ್ತೈದನ್ನು ದಾಟಿರುತ್ತದೆ. ಅದರ ಮೇಲೆ ನೂರಕ್ಕೆ ಹತ್ತರಷ್ಟು ಎತ್ತರವಾದ 7.50-16 ಟೈರನ್ನೂ ಹಾಕಿದ್ದರೆ 83. ಅರವತ್ತು ಎಂದು ನಂಬಿಕೊಂಡು, ಎಂಬತ್ತಮೂರರಲ್ಲಿ, ಯುದ್ಧಕಾಲದ ವಿನ್ಯಾಸದ ಡ್ರಮ್ ಬ್ರೇಕಿನ ಗಾಡಿಯನ್ನು ಘಾಟಿಯಲ್ಲಿ ಇಳಿಸುವುದು ಎಂದರೆ ಏನೆಂದು ನೀವೇ ಊಹಿಸಿ. ಗಾಡಿಯ ವೇಗಕ್ಕೆ ಮೀಟರು ಮಾತ್ರ ಸಾಕ್ಷಿ ಹೇಳಬೇಕು, ಆ ಸಾಕ್ಷಿಯೇ ಇಲ್ಲಿ ಸುಳ್ಳಾಗಿದೆ.

ಇದೇ ಲೆಕ್ಕದಲ್ಲಿ ಒಂದು ಸೊಗಸೂ ಇದೆ. ಟೈರು ಎತ್ತರವಾದರೆ ಮೀಟರು ಕಡಿಮೆ ತೋರಿಸುತ್ತದೆ. ಕ್ರೌನಿನ ಅನುಪಾತ ಹೆಚ್ಚಾದರೆ ಶಾಫ್ಟು ಹೆಚ್ಚು ಸುತ್ತಿ ಮೀಟರು ಜಾಸ್ತಿ ತೋರಿಸುತ್ತದೆ. 4.88ರ ಜೀಪಿಗೆ ನೂರಕ್ಕೆ ಹತ್ತು ಎತ್ತರದ ಟೈರು ಹಾಕಿ, ಜೊತೆಗೆ 5.38ರ ಜೋಡಿಯನ್ನೂ ಕೂರಿಸಿದರೆ ಎರಡೂ ಒಂದನ್ನೊಂದು ಹೊಡೆದುಹಾಕಿ ಮೀಟರು ಮೊದಲಿನಂತೆಯೇ ನಿಲ್ಲುತ್ತದೆ. ದೊಡ್ಡ ಟೈರಿನಿಂದ ಕಳೆದುಹೋದ ಎಳೆತವೂ ಅದೇ ಕೈಯಲ್ಲಿ ವಾಪಸು ಬರುತ್ತದೆ. ತಿಳಿದ ಮೆಕ್ಯಾನಿಕ್ಕುಗಳು ಈ ಎರಡನ್ನು ಜೋಡಿಯಾಗಿ ಮಾಡುವುದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ: ಫೋರ್ ವೀಲ್ ಗಾಡಿಯಲ್ಲಿ ಹಿಂದಿನ ಹೌಸಿಂಗಿನ ಹಲ್ಲು ಬದಲಾಯಿಸಿದರೆ ಮುಂದಿನದನ್ನೂ ಬದಲಾಯಿಸಲೇಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಮುಂದು ಹಿಂದು ಎಳೆದಾಡಿಕೊಂಡು ಗೇರೇ ಮುರಿಯುತ್ತದೆ.

ಹಾಗಾದರೆ ಎಲ್ಲ ಗಾಡಿಗೂ ಆಕ್ಸಲಿನ ಹಲ್ಲು ಮುಖ್ಯವೇ? ಅದು ಎಣಿಕೆ ಎಲ್ಲಿ ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಸ್ಪ್ಲೆಂಡರ್ ಬೈಕಿನ ಮೀಟರ್ ಕೇಬಲ್ಲು ಮುಂದಿನ ಗಾಲಿಯಿಂದ ಬರುತ್ತದೆ. ಅದರಲ್ಲಿ ಹಿಂದಿನ ಚೈನ್ ಸ್ಪ್ರಾಕೆಟ್ಟನ್ನು ಏನು ಮಾಡಿದರೂ ಮೀಟರಿಗೆ ಬಾಧೆಯಿಲ್ಲ, ಮುಂದಿನ ಟೈರಿನ ಅಳತೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಬಿಎಸ್ ಇರುವ ಇಂದಿನ ಬಹಳಷ್ಟು ಕಾರುಗಳಲ್ಲಿ ಪ್ರತಿ ಗಾಲಿಯ ಹಬ್ಬಿನಲ್ಲೂ ಒಂದು ಉಂಗುರ, ಅದರ ಎದುರು ಒಂದು ಸೆನ್ಸರ್. ಅಲ್ಲಿಂದಲೇ ವೇಗದ ಸುದ್ದಿ ಹೋಗುವ ಕಾರಿನಲ್ಲಿ ಹೌಸಿಂಗಿನ ಹಲ್ಲು ಮೀಟರಿಗೆ ಸಂಬಂಧಪಡುವುದಿಲ್ಲ. ಟೈರು ಮಾತ್ರ ಯಾವ ಗಾಡಿಯಲ್ಲೂ ತಪ್ಪಿಸಿಕೊಳ್ಳುವಂತಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಗಾಡಿಗೆ ಸ್ಪೀಡೋಮೀಟರು ಇರಬೇಕು, ಡ್ರೈವರಿಗೆ ಕಾಣುವಂತಿರಬೇಕು ಎನ್ನುತ್ತದೆ. ಯುರೋಪಿನಲ್ಲಿ ಜಾರಿಯಲ್ಲಿರುವ ವಿಶ್ವಸಂಸ್ಥೆಯ 39ನೇ ನಿಯಮಾವಳಿ ಹೀಗೆ ಹೇಳುತ್ತದೆ: ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಕೂಡದು, ಕಾರಾದರೆ ನಿಜ ವೇಗದ ಹತ್ತನೇ ಒಂದು ಪಾಲು, ಅದರ ಮೇಲೆ 4 ಕಿ.ಮೀ. ಸೇರಿಸಿದಷ್ಟರವರೆಗೆ ಹೆಚ್ಚು ತೋರಿಸಬಹುದು. ನಿಜ ವೇಗ 100 ಇದ್ದಾಗ 114ರವರೆಗೂ ತೋರಿಸಲು ಅವಕಾಶ. ಹೀಗಾಗಿ ತಯಾರಕರು ಮುಳ್ಳನ್ನು ಬೇಕೆಂದೇ ಒಂದಿಷ್ಟು ಮುಂದೆ ಇಟ್ಟಿರುತ್ತಾರೆ. ಟೈರು ದೊಡ್ಡದು ಮಾಡಿಸಿದ ಮೇಲೆ ಮೀಟರು ಮೊಬೈಲಿನ ಜಿಪಿಎಸ್‌ಗೆ ಸರಿಹೊಂದಿತು ಎಂದು ಕೆಲವರು ಖುಷಿಪಡುವುದುಂಟು. ಅವರು ಹೇಳುವುದು ನಿಜ. ಆದರೆ ಅವರು ಖರ್ಚು ಮಾಡಿದ್ದು ತಮ್ಮ ಸುರಕ್ಷತೆಗೆಂದು ಇಟ್ಟಿದ್ದ ಅಂಚನ್ನು. ಮುಳ್ಳಿಗೆ ಕೊಟ್ಟ ಈ ಅಂಚು ಓಡೋಮೀಟರಿಗೆ ಇಲ್ಲ, ಹಾಗಾಗಿ ಅದು ನೇರವಾಗಿ ತಪ್ಪುತ್ತದೆ. 235ರ ಟೈರಿನ ಬೊಲೆರೊ 10,000 ಕಿ.ಮೀ. ತೋರಿಸುವಾಗ 10,426 ಓಡಿರುತ್ತದೆ. ಟೈರು ಬದಲಾಯಿಸಿದ ಮೇಲೆ ಮೈಲೇಜು ಬಿತ್ತು ಎಂದು ಕೊರಗುವವರು ಮೊದಲು ಇದನ್ನು ಗಮನಿಸಬೇಕು. ಮೀಟರಿನ ಪ್ರಕಾರ ಲೀಟರಿಗೆ 15 ಬಂದಿದ್ದರೆ ನಿಜದಲ್ಲಿ ಬಂದದ್ದು 15.6.

ಬಾಡಿಗೆಯ ಮೀಟರನ್ನು ನಾವು ಹೀಗೆ ಬಿಡುವುದಿಲ್ಲ. ಆಟೋ, ಟ್ಯಾಕ್ಸಿಗಳ ಬಾಡಿಗೆ ಮೀಟರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ, ಏಕೆಂದರೆ ಅಲ್ಲಿ ಹಣದ ಮಾತಿದೆ. ಜೀವದ ಮಾತಿರುವ ಮುಳ್ಳನ್ನು ಗಾಡಿ ರಸ್ತೆಗಿಳಿದ ಮೇಲೆ ಅಷ್ಟು ಅಕ್ಕರೆಯಿಂದ ಯಾರೂ ನೋಡುವುದಿಲ್ಲ. ನನಗೆ ಇದು ಸರಿಕಾಣುವುದಿಲ್ಲ. ಟೈರಿನ ಅಳತೆ ಬದಲಾಯಿಸಿ ಕೊಡುವ ಅಂಗಡಿಯವರು ಬಿಲ್ಲಿನ ಮೇಲೆ ಒಂದು ಸಾಲು, ಮುಳ್ಳು 80 ಎಂದರೆ ಇನ್ನು ಮೇಲೆ ಇಷ್ಟು ಎಂದು ಬರೆದುಕೊಡಬೇಕು. ಅದಕ್ಕೆ ಬೇಕಾದ್ದು ಎರಡು ನಿಮಿಷದ ಗುಣಾಕಾರ. ಲಾರಿ ಬಸ್ಸುಗಳವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. 80ಕ್ಕೆ ಕಟ್ಟಿದ ವೇಗ ನಿಯಂತ್ರಕ ಎಣಿಸುವುದೂ ಅದೇ ಸುತ್ತುಗಳನ್ನು. ಎತ್ತರದ ಟೈರು ಹಾಕಿದರೆ ಅದು 80 ಎಂದುಕೊಂಡೇ ಅದಕ್ಕಿಂತ ಮೇಲೆ ಬಿಟ್ಟುಬಿಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ, ಮೇಲೆ ಕ್ಯಾಮೆರಾ. ಕ್ಯಾಮೆರಾ ನಿಮ್ಮ ಮುಳ್ಳನ್ನು ಕೇಳುವುದಿಲ್ಲ, ಗಾಡಿಯ ವೇಗವನ್ನೇ ಅಳೆಯುತ್ತದೆ.

ಪರೀಕ್ಷೆ ಸುಲಭ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ, ರಾಜ್ಯ ಹೆದ್ದಾರಿಯಲ್ಲಿ ಹಸಿರು ತಲೆಯ ಕಿಲೋಮೀಟರು ಕಲ್ಲುಗಳಿರುತ್ತವೆ. ಗಾಡಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ಹೋಗಿ. ಗಡಿಯಾರ ಅವರ ಕೈಯಲ್ಲಿರಲಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಮುಳ್ಳನ್ನು 60ರಲ್ಲಿ ಅಲುಗದಂತೆ ಹಿಡಿದು ಐದು ಕಿಲೋಮೀಟರು ಓಡಿಸಿ. ಸರಿಯಾಗಿ ಐದು ನಿಮಿಷ ಹಿಡಿದರೆ 60. ನಾಲ್ಕು ನಿಮಿಷ 48 ಸೆಕೆಂಡು ಹಿಡಿದರೆ 62.5. ಒಂದೇ ಕಲ್ಲನ್ನು ನಂಬಬೇಡಿ, ಕೆಲವನ್ನು ರಸ್ತೆ ಅಗಲ ಮಾಡುವಾಗ ಅಲ್ಲಿಂದಿಲ್ಲಿಗೆ ನೆಟ್ಟಿರುತ್ತಾರೆ. ಜೊತೆಗೇ ಹತ್ತು ಕಲ್ಲು ದಾಟುವಾಗ ಓಡೋಮೀಟರು ಎಷ್ಟು ಉರುಳಿತು ಎಂದೂ ನೋಡಿ. ಮುಳ್ಳಿಗೂ ಓಡೋಮೀಟರಿಗೂ ಇರುವ ವ್ಯತ್ಯಾಸವನ್ನು ಮೊದಲು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಓಡೋಮೀಟರೂ 9.6 ಎಂದರೆ ಎಣಿಕೆಯ ಬುಡದಲ್ಲೇ ವ್ಯತ್ಯಾಸ ಇದೆ, ಕಾರಣ ಟೈರು ಇಲ್ಲವೆ ಗೇರು. ಓಡೋಮೀಟರು ಸರಿಯಾಗಿ 10 ತೋರಿಸಿ ಮುಳ್ಳು ಮಾತ್ರ ಹಿಂದೆ ಬಿದ್ದರೆ ಟೈರನ್ನು ದೂರಬೇಡಿ. ಹಳೆಯ ಮೀಟರಾದರೆ ಅಯಸ್ಕಾಂತದ ಶಕ್ತಿ ಇಳಿದಿದೆ ಅಥವಾ ಸ್ಪ್ರಿಂಗು ಕೆಟ್ಟಿದೆ.

ಸರಿಮಾಡುವುದೂ ಕಷ್ಟವಲ್ಲ. ಕೇಬಲ್ಲಿನ ಮೀಟರಾದರೆ ಆ ಸಣ್ಣ ಮೀಟರ್ ಪಿನಿಯನ್ನಿನ ಹಲ್ಲಿನ ಸಂಖ್ಯೆ ಬದಲಾಯಿಸಬೇಕು. 24 ಹಲ್ಲಿನದು ಇದ್ದರೆ 23 ಹಲ್ಲಿನದು ಹಾಕಿದಾಗ ಕೇಬಲ್ಲು ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಬೇಗ ತಿರುಗುತ್ತದೆ. ದಪ್ಪ ಟೈರಿನ ವ್ಯತ್ಯಾಸಕ್ಕೆ ಅದು ಹೇಳಿ ಮಾಡಿಸಿದಂತೆ ಹೊಂದುತ್ತದೆ. 5.38ರಿಂದ 4.27ಕ್ಕೆ ಹೋದಷ್ಟು ದೊಡ್ಡ ವ್ಯತ್ಯಾಸಕ್ಕೆ ಅಷ್ಟು ಸಾಲದು, ಕೇಬಲ್ಲಿನ ನಡುವೆ ಸಣ್ಣ ಗೇರುಪೆಟ್ಟಿಗೆ ಸೇರಿಸಬೇಕಾಗುತ್ತದೆ. ಸೆನ್ಸರಿನ ಗಾಡಿಯಾದರೆ ಸರ್ವಿಸ್ ಸೆಂಟರಿನಲ್ಲಿ ಹೊಸ ಟೈರಿನ ಅಳತೆ ಒಳಗೆ ತುಂಬಿಕೊಡಲು ಆಗುತ್ತದೆಯೇ ಎಂದು ಕೇಳಿ, ಕೆಲವು ಗಾಡಿಗಳಲ್ಲಿ ಆಗುತ್ತದೆ. ಇದ್ಯಾವುದೂ ಆಗದಿದ್ದರೆ ಟೈರು ಬದಲಾಯಿಸಿದ ದಿನದ ಓಡೋಮೀಟರಿನ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. 235ರ ಟೈರಿನ ಬೊಲೆರೊ ಆದರೆ ಅಲ್ಲಿಂದ ಮುಂದಿನ ಪ್ರತಿ ಸಾವಿರಕ್ಕೆ ನಲವತ್ತಮೂರು ಸೇರಿಸಿಕೊಂಡು ಆಯಿಲ್ ಬದಲಾಯಿಸಿ. ಮುಂದೆ ಗಾಡಿ ಮಾರುವ ದಿನ ಆ ಪುಟವನ್ನು ಕೊಳ್ಳುವವರಿಗೂ ತೋರಿಸಿ.